ಐವತ್ತೆಂಟೋ, ಎಂಬತ್ತೈದೋ

ಮೊದಲ ಸಲ ಫೇಲ್ ಆದಾಗ ಅಮ್ಮನಿಗೆ ಕಾರಣ ಹೇಳೋಕೇ ನಾಚಿಕೆ ಆಯ್ತು. ಎಂಬಿಬಿಎಸ್ ಮುಗಿಸಿ ಎರಡು ವರ್ಷ ಡ್ಯೂಟಿ ಮಾಡಿದವಳು ಎರಡಂಕಿಯ ಲೆಕ್ಕದಲ್ಲಿ ಎಡವಿದ್ದೆ.

ಪರೀಕ್ಷೆಯ ಹೆಸರು ಫಾಖ್‌ಶ್ಪ್ರಾಖ್‌ಪ್ರ್ಯೂಫುಂಗ್. ಬಾಯಿ ನೋಯುತ್ತೆ, ಅದಕ್ಕೇ ಎಲ್ಲರೂ ಎಫ್‌ಎಸ್‌ಪಿ ಅಂತಾರೆ. ಹೊರದೇಶದ ಡಾಕ್ಟರಿಗೆ ಜರ್ಮನಿಯಲ್ಲಿ ಲೈಸೆನ್ಸ್ ಬೇಕೆಂದರೆ ಇದನ್ನು ದಾಟಲೇಬೇಕು. ಅದಕ್ಕೂ ಮುಂಚೆ ಬೇಕಾದ ಬಿ2 ಮಟ್ಟದ ಜರ್ಮನ್ ಅನ್ನು ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಮುಗಿಸಿದ್ದೆ. ಎಫ್‌ಎಸ್‌ಪಿ ಸಿ1 ಮಟ್ಟದ್ದು, ಬಿ2ಗಿಂತ ಒಂದು ಮೆಟ್ಟಿಲು ಮೇಲೆ. ತಲಾ 20 ನಿಮಿಷದ ಮೂರು ಭಾಗ: ರೋಗಿಯನ್ನು ವಿಚಾರಿಸುವುದು, ಕೇಳಿದ್ದನ್ನು ಬರೆಯುವುದು, ಹಿರಿಯ ಡಾಕ್ಟರಿಗೆ ಕೇಸ್ ಹೇಳುವುದು. ರೋಗಿಯ ಪಾತ್ರ ಪರೀಕ್ಷಕರದ್ದೇ. ಮಾರ್ಕ್ಸ್ ಕೊಡುವುದು ಭಾಷೆಗೆ, ವೈದ್ಯಕೀಯ ಜ್ಞಾನಕ್ಕಲ್ಲ.

ನನ್ನ 'ರೋಗಿ' ಹುಟ್ಟಿದ ವರ್ಷ ಹೇಳಿದರು: ಆಖ್ಟ್ ಉಂಡ್ ಫ್ಯುನ್ಫ್‌ತ್ಸಿಶ್. ಎಂಟು ಮತ್ತು ಐವತ್ತು. ಜರ್ಮನ್ನರು ಬಿಡಿಯನ್ನು ಮೊದಲು ಹೇಳ್ತಾರೆ, ನಾವು ಹತ್ತನ್ನು. 'ಎಂಟು' ಕಿವಿಗೆ ಬಿದ್ದದ್ದೇ ಕೈ 8 ಬರೆದುಬಿಟ್ಟಿತು. 1985. ಆಮೇಲೆ ಹೃದಯದ ಮಾತ್ರೆ ಮೆಟೊಪ್ರೊಲೋಲ್ ಡೋಸ್. ಅಲ್ಲಿ ಅದು 47.5 ಮಿಲಿಗ್ರಾಂ, ನಾನು ಬರೆದದ್ದು 74.5. ಮೂರನೇ ಭಾಗದಲ್ಲಿ ಹಿರಿಯ ಡಾಕ್ಟರ್ ಕನ್ನಡಕ ಮೇಲೇರಿಸಿ ಕೇಳಿದರು: "1985ರಲ್ಲಿ ಹುಟ್ಟಿದವರಿಗೆ ಬೈಪಾಸ್ ಆಗಿ ಹದಿನೈದು ವರ್ಷ ಆಯ್ತಾ?" ಬರವಣಿಗೆಯೂ ಅರ್ಧಕ್ಕೇ ನಿಂತಿತ್ತು.

ಎರಡನೇ ಸಲಕ್ಕೆ ತಯಾರಿ ಬೇರೆ ಥರ ಮಾಡಿದೆ. ದಪ್ಪ ಪುಸ್ತಕ ಪಕ್ಕಕ್ಕಿಟ್ಟೆ. ದಿನಾ ಸಂಜೆ ಸಿರಿಯಾದ ಒಬ್ಬ ಡಾಕ್ಟರ್ ಜೊತೆ ಫೋನ್. ಒಂದು ದಿನ ಅವರು ರೋಗಿ, ಮರುದಿನ ನಾನು. ಟೈಮರ್ 20 ನಿಮಿಷಕ್ಕೆ. ಫೋನ್ ನಂಬರ್, ಹುಟ್ಟಿದ ದಿನ, ಮಾತ್ರೆಯ ಡೋಸ್ ಸುಮ್ನೆ ಹೇಳಿ ಬರೆಸುವುದೇ ಮೊದಲ ಹತ್ತು ನಿಮಿಷ. ಬಿಡಿ ಕೇಳಿದರೂ ಹತ್ತು ಬರುವ ತನಕ ಪೆನ್ನು ಪೇಪರಿಗೆ ತಾಗಿಸಬಾರದು, ಅದು ನಾವೇ ಮಾಡಿಕೊಂಡ ನಿಯಮ.

ಇನ್ನೊಂದು ಕಷ್ಟ, ಪ್ರತಿ ಕಾಯಿಲೆಗೂ ಎರಡು ಹೆಸರು. ರೋಗಿ ಹತ್ತಿರ ಆಡುಮಾತು, ಡಾಕ್ಟರ್ ಹತ್ತಿರ ಲ್ಯಾಟಿನ್. ಒಂದು ನೂರೈವತ್ತು ಜೋಡಿ ಚೀಟಿ ಮಾಡಿ ಅಡುಗೆಮನೆ ಗೋಡೆಗೆ ಅಂಟಿಸಿದ್ದೆ. ಡಯಾಬಿಟಿಸ್ ಅಂದರೆ ರೋಗಿಗೆ ಟ್ಸುಕರ್‌ಕ್ರಾಂಕ್‌ಹೈಟ್, ಅಂದರೆ ಥೇಟ್ ನಮ್ಮ ಸಕ್ಕರೆ ಕಾಯಿಲೆ! ನನಗೆ ತುಂಬಾ ಇಷ್ಟವಾದದ್ದು ಶೌಫೆನ್‌ಸ್ಟರ್‌ಕ್ರಾಂಕ್‌ಹೈಟ್, ಅಂಗಡಿ ಗಾಜಿನ ಕಾಯಿಲೆ. ಕಾಲಿನ ರಕ್ತನಾಳ ಕಟ್ಟಿಕೊಂಡವರಿಗೆ ಸ್ವಲ್ಪ ನಡೆದರೆ ಮೀನಖಂಡ ನೋಯುತ್ತೆ. ನಿಲ್ಲಲೇಬೇಕು. ನೋವು ಅಂತ ತೋರಿಸಿಕೊಳ್ಳದೆ ಅಂಗಡಿ ಗಾಜು ನೋಡುವ ನಾಟಕ ಮಾಡ್ತಾರೆ. ಆ ಹೆಸರು ಒಂದೇ ಸಲಕ್ಕೆ ತಲೆಗೆ ಹತ್ತಿತು.

ಬರವಣಿಗೆಯಲ್ಲಿ ಮಾತ್ರ ಕನ್ನಡ ನನ್ನ ಕೈಹಿಡಿಯಿತು. ರೋಗಿ ಹೇಳಿದ್ದನ್ನು ವರದಿಯಲ್ಲಿ ನಾವೇ ಕಂಡಂತೆ ಬರೆಯಬಾರದು, ಕ್ರಿಯಾಪದದ ರೂಪ ಬದಲಾಯಿಸಬೇಕು. 'ಹಾಟ್' ಅಂದರೆ ಇದೆ. 'ಹಾಬೆ' ಅಂದರೆ? ವಾರಗಟ್ಟಲೆ ವ್ಯಾಕರಣದ ಕೋಷ್ಟಕ ಉರು ಹೊಡೆದು ಸುಸ್ತಾಗಿದ್ದೆ. ಒಂದು ದಿನ ಅಮ್ಮ ಫೋನಲ್ಲಿ, "ಪಕ್ಕದ್ಮನೆ ಅಜ್ಜಿಗೆ ಮೂರು ದಿನದಿಂದ ಎದೆನೋವು ಇದೆಯಂತೆ" ಅಂದರು. ಇದೆಯಂತೆ! ಅದೇ 'ಹಾಬೆ'. ಆವತ್ತಿಂದ ಪ್ರತಿ ವಾಕ್ಯವನ್ನೂ ಮನಸ್ಸಲ್ಲಿ 'ಅಂತೆ' ಹಚ್ಚಿಕೊಂಡೇ ಬರೆದೆ. ಕೆಮ್ಮು ಇದೆಯಂತೆ, ಜ್ವರ ಇಲ್ಲವಂತೆ.

ವಯಸ್ಸಾದ ಹೆಂಗಸರನ್ನು "ಕುಡೀತೀರಾ? ಎಷ್ಟು?" ಅಂತ ಕೇಳೋಕೆ ಊರಲ್ಲಿ ನನಗೆ ನಾಲಿಗೆ ಏಳುತ್ತಿರಲಿಲ್ಲ. ಇಲ್ಲಿ ಸಿಗರೇಟು, ಬಿಯರ್, ವೈನ್ ಎಲ್ಲರನ್ನೂ ಕೇಳಲೇಬೇಕು. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದೆ.

ಎರಡನೇ ಸಲ ರೋಗಿ 'ಒಂಬತ್ತು ಮತ್ತು ಅರವತ್ತು' ಅಂದರು. ಪೆನ್ನು ಗಾಳಿಯಲ್ಲೇ ಹಿಡಿದು, "ಕ್ಷಮಿಸಿ, ಆರು, ಒಂಬತ್ತು, ಸರೀನಾ?" ಅಂತ ಬಿಡಿಸಿ ಕೇಳಿದೆ. ಅವರು ಪಾತ್ರ ಮರೆತು ನಕ್ಕುಬಿಟ್ಟರು.