ಓವರ್‌ಕ್ಲಾಕ್ ನಿಜಕ್ಕೂ ಜಾರಿಯಲ್ಲಿದೆಯೇ? ನನ್ನ ಅನುಭವ

ಓವರ್‌ಕ್ಲಾಕ್ ಎಂದರೆ ಪ್ರೊಸೆಸರನ್ನು ಅದರ ನಿಗದಿತ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು. ಇದಕ್ಕಾಗಿ ನನ್ನ ಇಂಟೆಲ್ ಐ5-2500ಕೆ ಪ್ರೊಸೆಸರಿನ ಮಲ್ಟಿಪ್ಲೈಯರನ್ನು (ಮೂಲ ಗಡಿಯಾರದ ವೇಗವಾದ ಬಸ್ ವೇಗವನ್ನು ಎಷ್ಟರಿಂದ ಗುಣಿಸಬೇಕೆಂಬ ಸಂಖ್ಯೆಯನ್ನು) ಬಯೋಸ್‌ನಲ್ಲಿ, ಅಂದರೆ ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳ ಪರದೆಯಲ್ಲಿ, 42ಕ್ಕೆ ಏರಿಸಿದ ಮೇಲೂ ವಿಂಡೋಸ್‌ನ ಸಿಸ್ಟಂ ಪುಟ 3.30 ಗಿಗಾಹರ್ಟ್ಸ್ ಎಂದೇ ತೋರಿಸುತ್ತಿತ್ತು. ಪ್ರೊಸೆಸರಿನ ವಿವರ ತೋರಿಸುವ ಸಿಪಿಯು-ಝಡ್ ತಂತ್ರಾಂಶದಲ್ಲಂತೂ ವೇಗ 1600 ಮೆಗಾಹರ್ಟ್ಸ್‌ಗೆ ಇಳಿದಿತ್ತು. ಮೊದಲನೆಯದು ಚಿಪ್ಪಿನಲ್ಲೇ ದಾಖಲಾಗಿರುವ ಹೆಸರಿನ ಭಾಗವಾದ್ದರಿಂದ ಓವರ್‌ಕ್ಲಾಕ್ ಮಾಡಿದರೂ ಬದಲಾಗುವುದಿಲ್ಲ. ಎರಡನೆಯದು, ಕೆಲಸವಿಲ್ಲದಾಗ ವಿದ್ಯುತ್ ಉಳಿಸಲು ಮಲ್ಟಿಪ್ಲೈಯರನ್ನು 16ಕ್ಕೆ ಇಳಿಸುವ ಸ್ಪೀಡ್‌ಸ್ಟೆಪ್ ಸೌಲಭ್ಯದ ಪರಿಣಾಮ; ಇದನ್ನು ನಿಲ್ಲಿಸುವ ಅಗತ್ಯವಿಲ್ಲವೆಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಪ್ರೊಸೆಸರಿಗೆ ಭಾರೀ ಕೆಲಸ ಕೊಡುವ ಪ್ರೈಮ್95 ತಂತ್ರಾಂಶವನ್ನು ಓಡಿಸಿ, ನಾಲ್ಕೂ ಕೋರ್‌ಗಳ ಮೇಲೆ ಪೂರ್ತಿ ಹೊರೆ ಬಿದ್ದಿರುವಾಗಲೇ ಸಿಪಿಯು-ಝಡ್ ನೋಡಿದೆ: ಮಲ್ಟಿಪ್ಲೈಯರ್ 42, ಬಸ್ ವೇಗ ಸುಮಾರು 100 ಮೆಗಾಹರ್ಟ್ಸ್, ಅಂದರೆ ಹತ್ತಿರ ಹತ್ತಿರ 4200 ಮೆಗಾಹರ್ಟ್ಸ್. ಈ ಅಂಕಿ ಕದಲದೆ ನಿಲ್ಲುತ್ತದೆಯೇ ಎಂಬುದೇ ನಿಜವಾದ ಪರೀಕ್ಷೆ. ಜೊತೆಗೆ ಕೋರ್ ಟೆಂಪ್ ಎಂಬ ತಂತ್ರಾಂಶದಲ್ಲಿ ತಾಪವನ್ನೂ ಗಮನಿಸುತ್ತಿರಬೇಕು, ಏಕೆಂದರೆ ಮಿತಿ ಮುಟ್ಟಿದೊಡನೆ ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ.