ತುರಿಕಜ್ಜಿ: ತುರಿಕೆ ಇಲ್ಲದವರಿಗೂ ಮುಲಾಮು ಹಚ್ಚಿದ್ದೇಕೆ?

ತುರಿಕಜ್ಜಿಗೆ ಮುಲಾಮು ಹಚ್ಚುವುದು ಕಷ್ಟವಲ್ಲ. ತುರಿಕೆಯೇ ಇಲ್ಲದವರನ್ನು ಹಚ್ಚಿಕೊಳ್ಳಲು ಒಪ್ಪಿಸುವುದು ಕಷ್ಟ. ನಮ್ಮನೆಯಲ್ಲಿ ಮೊದಲು ಬಂದದ್ದು ಮಗನಿಗೆ. ಹಗಲು ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ, ರಾತ್ರಿ ಮಲಗಿದೊಡನೆ ಕೆರೆತ. ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ಸಣ್ಣ ಗುಳ್ಳೆಗಳು. ಚರ್ಮದ ಡಾಕ್ಟರು ಮನೆಮಂದಿಗೆಲ್ಲ ಶೇ 5ರ ಪರ್ಮೆಥ್ರಿನ್ ಮುಲಾಮು ಬರೆದುಕೊಟ್ಟರು. "ನಂಗೇನಾಗಿದೆಯಮ್ಮಾ, ನಾನ್ಯಾಕೆ ಹಚ್ಕೊಳ್ಲಿ?" ಅಂದರು ಅತ್ತೆ.

ಕೂತು ವಿವರಿಸಿದೆ. ಇದು ಅರ್ಧ ಮಿಲಿಮೀಟರೂ ಇಲ್ಲದ ಹುಳದ ಕೆಲಸ. ಹೆಣ್ಣುಹುಳ ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆಯುತ್ತಾ ದಿನಕ್ಕೆ ಎರಡು-ಮೂರು ಮೊಟ್ಟೆ ಇಡುತ್ತದೆ. ಹುಳ, ಮೊಟ್ಟೆ, ಹಿಕ್ಕೆ ಇವುಗಳಿಗೆ ನಮ್ಮ ಮೈ ತೋರುವ ಅಲರ್ಜಿಯೇ ತುರಿಕೆ. ಮೊದಲ ಸಲ ತಗುಲಿದವರಿಗೆ ಆ ಅಲರ್ಜಿ ಕಾಣಿಸಿಕೊಳ್ಳಲು 4ರಿಂದ 6 ವಾರ ಬೇಕು. ಅಷ್ಟರೊಳಗೆ ಅವರಿಂದಲೂ ಬೇರೆಯವರಿಗೆ ಹರಡಬಹುದು. ಮೊಮ್ಮಗ ದಿನಾ ಮಲಗುವುದೇ ಅತ್ತೆಯ ಮಗ್ಗುಲಲ್ಲಿ. ಮುಂದೆ ವಾದ ಬೇಕಾಗಲಿಲ್ಲ.

ಎಲ್ಲರೂ ಒಂದೇ ರಾತ್ರಿ ಹಚ್ಚಿಕೊಂಡೆವು. ತುರಿಸುವ ಜಾಗಕ್ಕಷ್ಟೇ ಅಲ್ಲ, ಕತ್ತಿನಿಂದ ಅಂಗಾಲಿನವರೆಗೆ, ಕಂಕುಳು, ತೊಡೆಸಂದಿ ಬಿಡದೆ. ಉಗುರು ಕತ್ತರಿಸಿ ಉಗುರಿನಡಿಗೂ ಸವರಿದೆವು. ನಡುವೆ ಕೈ ತೊಳೆದವರು ಕೈಗೆ ಮತ್ತೆ ಹಚ್ಚಿಕೊಳ್ಳಲೇಬೇಕು. ಹುಳಕ್ಕೆ ತೀರಾ ಇಷ್ಟದ ಜಾಗವೇ ಅದು. 8ರಿಂದ 14 ಗಂಟೆ ಬಿಡಬೇಕು ಎಂದಿದ್ದರಿಂದ ಸ್ನಾನ ಬೆಳಿಗ್ಗೆಯೇ. ವಾರ ಬಿಟ್ಟು ಇನ್ನೊಂದು ಸುತ್ತು, ಉಳಿದ ಮೊಟ್ಟೆಯೊಡೆದು ಬಂದವುಗಳಿಗಾಗಿ.

ಮೈಬಿಟ್ಟ ಹುಳ ಎರಡು-ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಹಾಗಾಗಿ ಹಿಂದಿನ ಮೂರು ದಿನ ಬಳಸಿದ ಬಟ್ಟೆ, ಹೊದಿಕೆ, ಟವೆಲ್ಲುಗಳನ್ನು ಬಿಸಿನೀರಲ್ಲಿ ಒಗೆದೆ. ಒಗೆಯಲಾಗದ ಆಟಿಕೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ವಾರ ಮುಟ್ಟಲಿಲ್ಲ. ಮನೆಗೆಲ್ಲ ಕೀಟನಾಶಕ ಹೊಡೆಸಿ ಎಂದವರೂ ಇದ್ದರು. ಅದು ಸುಮ್ಮನೆ ವಿಷ ಉಸಿರಾಡುವ ಕೆಲಸ. ಇದು ಹೆಚ್ಚಾಗಿ ಹರಡುವುದು ಮೈಗೆ ಮೈ ತಾಗಿಕೊಂಡಿದ್ದರೆ. ಕೊಳಕಿಗೂ ಇದಕ್ಕೂ ನಂಟಿಲ್ಲ, ದಿನಾ ಮೀಯುವವರಿಗೂ ಬರುತ್ತದೆ. ಅದಕ್ಕೇ ಮಗನ ಜೊತೆ ಆಡುವ ಮಕ್ಕಳ ಮನೆಗಳಿಗೂ ಸಂಕೋಚವಿಲ್ಲದೆ ತಿಳಿಸಿದೆ.

ನಿಜವಾದ ಪರೀಕ್ಷೆ ಆಮೇಲಿನದು. ಹುಳ ಸತ್ತರೂ ಅದರ ಅವಶೇಷ ಚರ್ಮದಲ್ಲೇ ಇರುವುದರಿಂದ 2ರಿಂದ 4 ವಾರ ತುರಿಕೆ ಉಳಿಯುತ್ತದೆ. ಆಗ ಮುಲಾಮು ಹಚ್ಚುತ್ತಲೇ ಹೋದರೆ ಚರ್ಮ ಉರಿದು ತುರಿಕೆ ಇನ್ನೂ ಹೆಚ್ಚುತ್ತದೆ. ಡಾಕ್ಟರು ಕೊಟ್ಟ ತುರಿಕೆ ತಗ್ಗಿಸುವ ಮಾತ್ರೆಯಲ್ಲೇ ದಿನ ದೂಡಿದೆವು. ನಾನು ನೋಡುತ್ತಿದ್ದದ್ದು ಹೊಸ ಗುಳ್ಳೆ, ಹೊಸ ಸುರಂಗದ ಗೆರೆ ಕಾಣುತ್ತಿವೆಯೇ ಎಂದಷ್ಟೇ. ಕಂಡಿದ್ದರೆ ಮತ್ತೆ ಡಾಕ್ಟರ ಬಳಿ ಹೋಗುತ್ತಿದ್ದೆ. ತಾವಾಗಿಯೇ ಸ್ಟಿರಾಯ್ಡ್ ಕ್ರೀಮು ತಂದು ಹಚ್ಚುವವರಿದ್ದಾರೆ. ಕೆಂಪು ಅಡಗುತ್ತದೆ, ಹುಳ ಉಳಿಯುತ್ತದೆ. ಹಸುಗೂಸು, ಬಸುರಿ ಹೆಂಗಸರಿದ್ದರೆ ಯಾವ ಮದ್ದನ್ನೂ ಕೇಳದೆ ಕೊಡಬಾರದು. ವಯಸ್ಸಾದವರ, ರೋಗನಿರೋಧಕ ಶಕ್ತಿ ಕುಂದಿದವರ ಚರ್ಮ ದಪ್ಪಗೆ ಹಕ್ಕಳೆಗಟ್ಟಿದ್ದರೆ ಅಲ್ಲಿ ಹುಳಗಳು ಸಾವಿರಗಟ್ಟಲೆ ಇರಬಹುದು. ಮನೆಯಲ್ಲಿ ಪ್ರಯೋಗ ಮಾಡದೆ ಅಂದೇ ಡಾಕ್ಟರಿಗೆ ತೋರಿಸಬೇಕು.