ಕುಮಾರಪರ್ವತ ಇಳಿಯಲು ನಾನು ಮಾಡಿದ ತಯಾರಿ

ಕುಮಾರಪರ್ವತವನ್ನು ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹತ್ತಿದವರಿಗೆ ದಾರಿಯನ್ನು ವಿವರಿಸಬೇಕಾಗಿಲ್ಲ. ಶಿಖರ 1712 ಮೀಟರ್. ಹಿಂದಿನ ರಾತ್ರಿ ದಾರಿಯ ನಡುವಿನ ಗಿರಿಗದ್ದೆಯಲ್ಲಿ ತಂಗಿ, ಬೆಳಿಗ್ಗೆ ತುದಿ ಮುಟ್ಟಿ, ಅದೇ ದಿನ ಕುಕ್ಕೆಗೆ ಮರಳುವಾಗ ಹೆಚ್ಚುಕಡಿಮೆ 1600 ಮೀಟರ್ ಇಳಿತವನ್ನು ಮಂಡಿಗಳು ತಾಳಿಕೊಳ್ಳಬೇಕಿತ್ತು. ಗೆಳೆಯರೊಡನೆ ಹೋದಾಗ ನಾನು ಎರಡು ಬಾರಿ ಸೋತದ್ದು ಈ ಇಳಿತಕ್ಕೇ.

ಮೊದಲ ಸಲ ಗಿರಿಗದ್ದೆಯ ಕೆಳಗಿನ ಕಾಡಿನಲ್ಲಿ, ಬೇರುಗಳೇ ಮೆಟ್ಟಿಲಾಗಿರುವ ಜಾಗದಲ್ಲಿ, ತೊಡೆಗಳು ನಡುಗತೊಡಗಿ ಕೊನೆಯ ಒಂದು ಗಂಟೆ ಅಡ್ಡಡ್ಡ ಹೆಜ್ಜೆ ಇಡುತ್ತ ಇಳಿದೆ; ರಾತ್ರಿಯ ಬಸ್ಸು ತಪ್ಪಿತು. ಎರಡನೆಯ ಸಲಕ್ಕೆ ಊರುಗೋಲು ಜೋಡಿಗೆ 2800, ಮಂಡಿಪಟ್ಟಿಗೆ 1400, ಫಿಸಿಯೋಥೆರಪಿಗೆ ಸುಮಾರು 3000 ರೂಪಾಯಿ ಸುರಿದೂ, ಇಳಿಯುವ ಭಯಕ್ಕೆ ಶಿಖರಕ್ಕೆ ಮೊದಲು ಸಿಗುವ ಶೇಷಪರ್ವತದಿಂದಲೇ ಹಿಂತಿರುಗಿದೆ. ಎದುರಿಗೇ ಶಿಖರ ಕಾಣುತ್ತಿತ್ತು.

ಆಮೇಲೆ ಹಿಡಿದ ವಿಧಾನ ಸರಳ. ನಮ್ಮ ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿನಲ್ಲಿ ಮೇಲೆ ಹೋಗಿ, ಬೆನ್ನಿಗೆ ನೀರಿನ ಬಾಟಲಿಗಳ ಚೀಲ ಹೊತ್ತು ಮೆಟ್ಟಿಲಿನಲ್ಲಿ ಇಳಿದೆ. ಗೆಳೆಯರು ನಕ್ಕರು, ಮಂಡಿ ಸವೆಯುತ್ತದೆಂದು ಹೆದರಿಸಿದರು. ಕಾವಲುಗಾರನಂತೂ, “ಸಾರ್, ಲಿಫ್ಟು ಇಳಿಯೋಕೆ ಮಾತ್ರ ಕೆಟ್ಟಿದೆಯಾ?” ಎಂದು ಕೇಳಿಯೇಬಿಟ್ಟ. ಮೂರೇ ಸುತ್ತಿನ ಮೊದಲ ದಿನದ ನಂತರ ಎರಡು ದಿನ ಕುರ್ಚಿಯ ಮೇಲೆ ಕೂರುವುದೂ ಕಷ್ಟವಾಯಿತು. ಎರಡನೆಯ ವಾರದಲ್ಲಿ ಅದೇ ಮೂರು ಸುತ್ತಿಗೆ ಏನೂ ಅನ್ನಿಸಲಿಲ್ಲ. ವಾರಕ್ಕೆ ಮೂರು ದಿನದಂತೆ ಹತ್ತು ವಾರ ನಡೆಸಿದೆ. ಕೊನೆಗೆ ಎಂಟು ಕಿಲೋ ಹೊತ್ತು ಹನ್ನೆರಡು ಸುತ್ತು, ಅಂದರೆ ಮಹಡಿಗೆ ಮೂರು ಮೀಟರಿನಂತೆ ಸುಮಾರು 500 ಮೀಟರ್ ಇಳಿತ. ನಡುವೆ ಬರಿಗಾಲಿನಲ್ಲಿ ಹಿಮ್ಮುಖವಾಗಿ ಇಳಿದು ನೋಡುವ ಬುದ್ಧಿ ಬಂದು, ಕಾಲು ಉಳುಕಿ ಒಂದು ವಾರ ಹಾಳಾಯಿತು. ಬೆಲ್ಲ, ನಿಂಬೆ, ಉಪ್ಪಿನ ಪಾನಕವನ್ನು ಅಂಗಡಿಯ ಪುಡಿಯೊಡನೆ ಹೋಲಿಸಿಯೂ ನೋಡಿದೆ. ಕಾಲಿಗೆ ವ್ಯತ್ಯಾಸ ತಿಳಿಯಲಿಲ್ಲ, ಜೇಬಿಗೆ ತಿಳಿಯಿತು.

ಡಿಸೆಂಬರಿನಲ್ಲಿ ಐವರು ಹೊರಟೆವು. ಹತ್ತುವಾಗ ಎಂದಿನಂತೆ ನಾನೇ ಕೊನೆಯವನು. ಶೇಷಪರ್ವತದಾಚೆ ಶೋಲಾ ಕಾಡಿನ ನಂತರದ ಒದ್ದೆ ಬಂಡೆಯನ್ನು ಕೈಯೂರಿ ಏರಿ, ಹತ್ತು ಗಂಟೆಯ ಸುಮಾರಿಗೆ ತುದಿಯಲ್ಲಿದ್ದೆವು. ಹಿಂದಿರುಗುವಾಗ ಗಿರಿಗದ್ದೆಗಿಂತ ಮೇಲಿರುವ ಕಲ್ಲುಮಂಟಪದವರೆಗೂ ಎಲ್ಲರೂ ಸಮ. ಗಿರಿಗದ್ದೆಯಿಂದ ಕೆಳಗೆ ನಾನು ಮುಂದೆ. ನನಗೆ ಮಂಡಿಯ ಉಪದೇಶ ಮಾಡಿದವನು ಕಾಡಿನ ಬೇರುಗಳ ಮೇಲೆ ನನ್ನದೇ ಹಳೆಯ ಅಡ್ಡಹೆಜ್ಜೆ ಹಾಕುತ್ತಿದ್ದಾಗ ಊರುಗೋಲುಗಳನ್ನು ಅವನಿಗೇ ಕೊಟ್ಟೆ. ಅವರಿಗಿಂತ ಸುಮಾರು ಐವತ್ತು ನಿಮಿಷ ಮೊದಲು ಕುಕ್ಕೆ ತಲುಪಿ ಕಾಫಿ ಮುಗಿಸಿದ್ದೆ.

ಒದ್ದೆ ಬೇರಿನ ಮೇಲೆ ಪಾದ ಊರುವ ಬಗೆಯೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಜತೆಗೆ ಬಂದವರಿಗೆ ತೋರಿಸುತ್ತೇನೆ. ಹೆಬ್ಬೆರಳುಗಳ ಉಗುರು ಮಾತ್ರ ಈ ಸಲವೂ ಕಪ್ಪಾದವು. ಅದಕ್ಕೆ ಮೆಟ್ಟಿಲಿನಲ್ಲಿ ಮದ್ದು ಸಿಕ್ಕಿಲ್ಲ. ಬಹುಶಃ ಅರ್ಧ ಅಳತೆ ದೊಡ್ಡ ಶೂ ಕೊಳ್ಳಬೇಕು, ಇನ್ನೊಂದು ನಾಲ್ಕು ಸಾವಿರ.